ಹದಿನಾರು ಗಿಗಾಬೈಟ್‌ನ ಸ್ಕ್ಯಾನ್ ಬ್ರೌಸರ್‌ನಲ್ಲಿ ತೆರೆದೀತೇ?

ಪ್ರಶ್ನೆ: ನಮ್ಮ ತಂಡ ಸರಂಧ್ರ ಶಿಲೆಯ ಮಾದರಿಗಳನ್ನು ಮೈಕ್ರೋ ಸಿ.ಟಿ. ಯಂತ್ರದಲ್ಲಿ ಸ್ಕ್ಯಾನ್ ಮಾಡುತ್ತದೆ. ಒಂದೊಂದು ಸ್ಕ್ಯಾನ್ 2048 × 2048 ಪಿಕ್ಸೆಲ್‌ಗಳ 2048 ಚಿತ್ರಗಳಾಗಿ, 16 ಬಿಟ್‌ನ ಟಿಫ್ ಕಡತಗಳಲ್ಲಿ ಸಿಗುತ್ತದೆ. ಇದುವರೆಗೆ ಎಲ್ಲರ ಕಂಪ್ಯೂಟರ್‌ಗಳಲ್ಲೂ ತಂತ್ರಾಂಶ ಹಾಕಿಸಿ, ಹಾರ್ಡ್ ಡಿಸ್ಕ್ ಕಳಿಸಿ ನೋಡುತ್ತಿದ್ದೆವು. ಈಗ ದೂರದ ಸಹೋದ್ಯೋಗಿಗಳು ಒಂದು ಲಿಂಕ್ ಒತ್ತಿದರೆ ಸಾಕು, ಬ್ರೌಸರ್‌ನಲ್ಲೇ ಮೂರು ಆಯಾಮಗಳಲ್ಲಿ ಕಾಣುವಂತಾಗಬೇಕು. ಇದು ಸಾಧ್ಯವೇ? ಯಾವ ತಂತ್ರಾಂಶ ಆರಿಸಬೇಕು? ಬ್ರೌಸರ್‌ನಲ್ಲಿ ಕಂಡದ್ದನ್ನು ನಂಬಿ ರಂಧ್ರಗಳ ಅಳತೆ ತೆಗೆಯಬಹುದೇ? ನಾಲ್ಕೈದು ವರ್ಷಗಳ ನಂತರವೂ ಆ ಲಿಂಕ್ ತೆರೆದೀತೇ?

ಉತ್ತರ: ಸಾಧ್ಯವಿದೆ. ಇದಕ್ಕಿಂತ ಎಷ್ಟೋ ದೊಡ್ಡ ದತ್ತಾಂಶಗಳು ಬ್ರೌಸರ್‌ನಲ್ಲಿ ತೆರೆಯುತ್ತಿವೆ. ಮನುಷ್ಯನ ಮಿದುಳಿನ ಹೊರಪದರದ ಸುಮಾರು ಒಂದು ಘನ ಮಿಲಿಮೀಟರ್ ತುಣುಕನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರೀಕರಿಸಿ, ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ಗೂಗಲ್‌ನ ಸಂಶೋಧಕರು 2021ರಲ್ಲಿ ಬಿಡುಗಡೆ ಮಾಡಿದ ಎಚ್01 ದತ್ತಾಂಶದ ಗಾತ್ರ 1.4 ಪೆಟಾಬೈಟ್. ನಿಮ್ಮ ಒಂದು ಸ್ಕ್ಯಾನಿನ ಎಂಬತ್ತು ಸಾವಿರ ಪಟ್ಟಿಗೂ ಅದು ಮಿಗಿಲು. ಆದರೂ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಯಾರು ಬೇಕಾದರೂ ಅದನ್ನು ತೆರೆದು, ಒಂದೊಂದು ನರಕೋಶದವರೆಗೂ ಇಳಿದು ನೋಡಬಹುದು. ಆದ್ದರಿಂದ ಗಾತ್ರವೊಂದೇ ಅಡ್ಡಿಯಾಗುವುದಿಲ್ಲ. ಅಡ್ಡಿಯಾಗುವುದು ದತ್ತಾಂಶವನ್ನು ಜೋಡಿಸಿಟ್ಟಿರುವ ಬಗೆ. ಹೀಗಾಗಿ ನಿಮ್ಮ ಪ್ರಶ್ನೆಗಳಲ್ಲಿ ‘ಯಾವ ತಂತ್ರಾಂಶ’ ಎಂಬುದನ್ನು ಸ್ವಲ್ಪ ಹಿಂದಕ್ಕೆ ಇಡುತ್ತೇನೆ. ಚಿತ್ರ ಎಲ್ಲಿ ಮೂಡಬೇಕು, ದತ್ತಾಂಶ ಯಾವ ರೂಪದಲ್ಲಿ ಸರ್ವರ್‌ನಲ್ಲಿ ಕುಳಿತಿರಬೇಕು ಎಂಬ ಎರಡು ಸಂಗತಿಗಳು ತೀರ್ಮಾನವಾದರೆ, ತಂತ್ರಾಂಶದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಬಿಡುತ್ತದೆ. ಮೊದಲು ಚಂದದ ತಂತ್ರಾಂಶವೊಂದನ್ನು ಆರಿಸಿ, ಆಮೇಲೆ ಟಿಫ್ ಕಡತಗಳ ರಾಶಿಯನ್ನು ಅದರೊಳಗೆ ತುರುಕಲು ಹೊರಟ ಯೋಜನೆಗಳು ಅರ್ಧದಲ್ಲೇ ನಿಲ್ಲುತ್ತವೆ.

ಮೊದಲು ಲೆಕ್ಕ ನೋಡೋಣ. 2048ರ ಘನವೆಂದರೆ ಸುಮಾರು 859 ಕೋಟಿ ವೋಕ್ಸೆಲ್‌ಗಳು, ಅಂದರೆ ಮೂರು ಆಯಾಮದ ಪಿಕ್ಸೆಲ್‌ಗಳು. ಒಂದೊಂದಕ್ಕೆ ಎರಡು ಬೈಟ್‌ನಂತೆ, ಗಿಗಾಬೈಟ್ ಒಂದಕ್ಕೆ 1024 ಮೆಗಾಬೈಟ್ ಎಂದು ಹಿಡಿದರೆ, ಸರಿಯಾಗಿ 16 ಗಿಗಾಬೈಟ್ ಆಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕವಿದ್ದು ಆ ವೇಗ ಒಂದಿಷ್ಟೂ ಕುಂದದೆ ಇದ್ದರೂ, ಅಷ್ಟನ್ನು ಇಳಿಸಿಕೊಳ್ಳಲು ಇಪ್ಪತ್ತಮೂರು ನಿಮಿಷ ಬೇಕು. ಇಳಿಸಿಕೊಂಡ ಮೇಲೂ ಅದನ್ನು ಇಡಲು ಜಾಗವಿರುವುದಿಲ್ಲ. ಸಾಮಾನ್ಯ ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಕಾರ್ಡಿಗೆ ಅಷ್ಟು ಮೆಮೊರಿ ಇರುವುದಿಲ್ಲ. ಬ್ರೌಸರ್‌ನೊಳಗೆ ಪ್ರೋಗ್ರಾಮ್‌ಗಳನ್ನು ವೇಗವಾಗಿ ಓಡಿಸುವ ವೆಬ್‌ಅಸೆಂಬ್ಲಿಯ ರೂಢಿಯ 32 ಬಿಟ್ ಆವೃತ್ತಿಗೆ ಒಟ್ಟು 4 ಗಿಗಾಬೈಟ್‌ಗಿಂತ ಹೆಚ್ಚಿನ ಮೆಮೊರಿಯನ್ನು ಮುಟ್ಟಲು ಆಗುವುದಿಲ್ಲ. ಇನ್ನೊಂದು ಬದಿಯಿಂದ ನೋಡಿದರೆ, 1920 × 1080ರ ಪರದೆಯಲ್ಲಿರುವುದು 20,73,600 ಪಿಕ್ಸೆಲ್‌ಗಳು ಮಾತ್ರ, ಆದರೆ ನಿಮ್ಮ ಒಂದೇ ಸ್ಲೈಸ್‌ನಲ್ಲಿ, ಅಂದರೆ ಸ್ಕ್ಯಾನಿನ ಒಂದು ಚಿತ್ರದಲ್ಲಿ, 41,94,304 ಪಿಕ್ಸೆಲ್‌ಗಳಿವೆ. ಅಂದರೆ ಯಾವುದೇ ಕ್ಷಣದಲ್ಲಿ ನೋಡುಗರ ಕಣ್ಣಿಗೆ ಬೀಳುವುದು ಒಟ್ಟು ದತ್ತಾಂಶದ ಅತಿ ಚಿಕ್ಕ ಅಂಶ, ಮತ್ತು ಆ ಅಂಶವನ್ನಷ್ಟೇ ಹುಡುಕಿ ತರಿಸಿಕೊಳ್ಳುವ ಏರ್ಪಾಡು ಇದ್ದರೆ 16 ಗಿಗಾಬೈಟ್ ಆಗಲಿ 1.4 ಪೆಟಾಬೈಟ್ ಆಗಲಿ ನೋಡುವವರಿಗೆ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ಬ್ರೌಸರ್‌ಗೆ ಗ್ರಾಫಿಕ್ಸ್ ಕಾರ್ಡನ್ನು ನೇರವಾಗಿ ಬಳಸುವ ದಾರಿ ತೆರೆದದ್ದು ವೆಬ್‌ಜಿಎಲ್. ಕ್ರೋನೋಸ್ ಗ್ರೂಪ್ ಅದರ ಮೊದಲ ಆವೃತ್ತಿಯನ್ನು 2011ರ ಮಾರ್ಚಿನಲ್ಲಿ ಹೊರತಂದಿತು. ಇಡೀ ಘನವನ್ನು ಒಟ್ಟಿಗೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಇಡುವ, ಮೂರು ಆಯಾಮದ ಟೆಕ್ಸ್ಚರ್ ಎಂಬ ಸೌಲಭ್ಯ ಅದರಲ್ಲಿ ಇರಲಿಲ್ಲವಾದ್ದರಿಂದ ಸ್ಲೈಸ್‌ಗಳನ್ನೆಲ್ಲ ಒಂದು ದೊಡ್ಡ ಸಪಾಟು ಚಿತ್ರದಲ್ಲಿ ಪಕ್ಕಪಕ್ಕ ಅಂಟಿಸಿ ಕೆಲಸ ನಡೆಸಬೇಕಾಗಿತ್ತು. 2017ರಲ್ಲಿ ಬಂದ ಎರಡನೆಯ ಆವೃತ್ತಿ ಆ ಕೊರತೆಯನ್ನು ನೀಗಿಸಿತು, ಮತ್ತು 2021ರಲ್ಲಿ ಸಫಾರಿಯೂ ಅದನ್ನು ಒಪ್ಪಿಕೊಂಡ ಮೇಲೆ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಅದು ಸಿಗುವಂತಾಯಿತು. ಲೆಕ್ಕಾಚಾರದ ಕೆಲಸವನ್ನೂ ಗ್ರಾಫಿಕ್ಸ್ ಕಾರ್ಡಿಗೆ ವಹಿಸಲು ಬಿಡುವ ವೆಬ್‌ಜಿಪಿಯು 2023ರಲ್ಲಿ ಕ್ರೋಮ್‌ನಲ್ಲಿ ಬಂದಿದೆ. ಅದು ಭವಿಷ್ಯದ ದಾರಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ನಾನಾ ಬಗೆಯ ಯಂತ್ರಗಳಲ್ಲಿ ಕುಳಿತಿರುವ ಸಹೋದ್ಯೋಗಿಗಳಿಗೆ ಇಂದೇ ಲಿಂಕ್ ಕಳಿಸಬೇಕಾದ ನೀವು ವೆಬ್‌ಜಿಎಲ್ 2ರ ಮೇಲೆ ನಿಂತ ತಂತ್ರಾಂಶವನ್ನೇ ನೆಚ್ಚಿಕೊಳ್ಳುವುದು ಒಳಿತು.

ಇನ್ನು ಚಿತ್ರ ಎಲ್ಲಿ ಮೂಡಬೇಕು ಎಂಬುದು. ದತ್ತಾಂಶ ಕೆಲವು ನೂರು ಮೆಗಾಬೈಟ್‌ಗಳೊಳಗೆ ಇದ್ದರೆ ಇಡಿಯಾಗಿ ಬ್ರೌಸರ್‌ಗೆ ಕಳಿಸಿಬಿಡುವುದೇ ಸರಳ. ಒಮ್ಮೆ ಬಂದಿಳಿದ ಮೇಲೆ ಸಂಪರ್ಕ ಕಡಿದುಹೋದರೂ ತಿರುಗಿಸಿ ನೋಡಬಹುದು. ಇದಕ್ಕೆ ಪೂರ್ತಿ ವಿರುದ್ಧವಾದ ದಾರಿಯೆಂದರೆ ಬಲವಾದ ಸರ್ವರ್ ಒಂದರಲ್ಲಿ ಚಿತ್ರ ಬಿಡಿಸಿ, ಬಿಡಿಸಿದ ಚಿತ್ರವನ್ನಷ್ಟೇ ಬ್ರೌಸರ್‌ಗೆ ಒಂದರ ಹಿಂದೊಂದು ಕಳಿಸುತ್ತಾ ಹೋಗುವುದು. ಪ್ಯಾರಾವ್ಯೂ ತಂತ್ರಾಂಶವನ್ನು ಕಟ್ಟಿದ ಕಿಟ್‌ವೇರ್ ಸಂಸ್ಥೆಯ ಟ್ರೇಮ್ ಎಂಬ ಪೈಥಾನ್ ಚೌಕಟ್ಟು ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ದ್ರವಗಳ ಹರಿವಿನ ಸಿಮ್ಯುಲೇಶನ್‌ನಂತೆ ನೋಡುವಾಗಲೇ ಹೊಸ ಲೆಕ್ಕ ಹಾಕಬೇಕಾದ ಸಂದರ್ಭಗಳಲ್ಲಿ ಇದೇ ಸರಿಯಾದ ದಾರಿ. ಆದರೆ ಇಲ್ಲಿ ನೋಡುಗರು ಒಬ್ಬೊಬ್ಬರು ಹೆಚ್ಚಾದಂತೆಲ್ಲ ಸರ್ವರ್‌ನ ಹೊರೆ ಹೆಚ್ಚುತ್ತದೆ, ದೂರದವರು ಮೌಸ್ ಎಳೆದಾಗ ಚಿತ್ರ ತಡವರಿಸಿ ತಿರುಗುತ್ತದೆ, ಮತ್ತು ಆ ಸರ್ವರನ್ನು ಹಗಲಿರುಳು ಯಾರಾದರೂ ನೋಡಿಕೊಳ್ಳಬೇಕು. ಇವೆರಡರ ನಡುವಿನದು ತುಂಡು ತುಂಡಾಗಿ ತರಿಸಿಕೊಳ್ಳುವ ದಾರಿ. ದತ್ತಾಂಶ ಯಾವ ಬುದ್ಧಿವಂತಿಕೆಯೂ ಇಲ್ಲದ ಸಾದಾ ಕಡತ ಸರ್ವರ್‌ನಲ್ಲಿ ಕುಳಿತಿರುತ್ತದೆ, ಬೇಕಾದ ತುಂಡನ್ನು ಬ್ರೌಸರ್ ಕೇಳಿ ಪಡೆದು ತನ್ನಲ್ಲೇ ಚಿತ್ರ ಬಿಡಿಸುತ್ತದೆ. ಸ್ಕ್ಯಾನ್ ಒಮ್ಮೆ ಮುಗಿದ ಮೇಲೆ ಬದಲಾಗದಿರುವುದರಿಂದಲೂ, ನೋಡುವವರು ಹಲವೆಡೆ ಹಂಚಿಹೋಗಿರುವುದರಿಂದಲೂ ನಿಮಗೆ ಹೊಂದುವುದು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ದಾರಿ ಹಿಡಿದರೆ ಟಿಫ್ ಸರಣಿಯನ್ನು ಹಾಗೆಯೇ ಬಳಸಲು ಬರುವುದಿಲ್ಲ. ಈಗಿರುವ ಜೋಡಣೆಯಲ್ಲಿ ಅಡ್ಡ ಸ್ಲೈಸ್ ಒಂದನ್ನು ನೋಡಲು ಒಂದೇ ಕಡತ, ಅಂದರೆ 8 ಮೆಗಾಬೈಟ್, ಸಾಕು. ಆದರೆ ಅದೇ ಮಾದರಿಯನ್ನು ಉದ್ದಕ್ಕೆ ಸೀಳಿ ನೋಡಬೇಕೆಂದರೆ 2048 ಕಡತಗಳಲ್ಲಿ ಪ್ರತಿಯೊಂದರಿಂದಲೂ ಒಂದೊಂದು ಸಾಲು ಬೇಕು. ಕಡತಗಳನ್ನು ಇಡಿಯಾಗಿ ಓದುವ ತಂತ್ರಾಂಶವಾದರೆ ಒಂದು ಸೀಳಿಗಾಗಿ 16 ಗಿಗಾಬೈಟ್ ಪೂರ್ತಿ ಇಳಿಸಬೇಕಾಗುತ್ತದೆ. ಆದ್ದರಿಂದ ಇಡೀ ಸ್ಕ್ಯಾನನ್ನು, ಉದಾಹರಣೆಗೆ, 64 × 64 × 64 ವೋಕ್ಸೆಲ್‌ಗಳ ಪುಟ್ಟ ಘನಗಳಾಗಿ ಕತ್ತರಿಸಿ ಇಡುತ್ತಾರೆ. ಆಗ ಯಾವ ದಿಕ್ಕಿನಲ್ಲಿ ಸೀಳಿದರೂ ತಗಲುವ ಶ್ರಮ ಒಂದೇ. ಜೊತೆಗೆ, ಪ್ರತಿ ದಿಕ್ಕಿನಲ್ಲೂ ಅರ್ಧಕ್ಕಿಳಿಸಿದ ಪ್ರತಿಗಳನ್ನು, 1024, 512, 256 ಎಂದು ಕಿರಿದಾಗುತ್ತಾ ಹೋಗುವ ಹಂತಗಳನ್ನು, ಮೊದಲೇ ಸಿದ್ಧಪಡಿಸಿಡುತ್ತಾರೆ. ಇದನ್ನು ಪಿರಮಿಡ್ ಎನ್ನುತ್ತಾರೆ. ಫೋನಿನ ನಕ್ಷೆಯಲ್ಲಿ ದೂರದಿಂದ ಹತ್ತಿರಕ್ಕೆ ಹೋದಂತೆ ಬೀದಿಗಳು ಮೂಡಿಬರುವುದು ಇದೇ ತತ್ವದಿಂದ. ಇಷ್ಟು ಪ್ರತಿಗಳಿಗೆ ಎಷ್ಟು ಜಾಗ ಬೇಕೋ ಎಂದು ಅಂಜಬೇಡಿ. ಪ್ರತಿ ಹಂತವೂ ಹಿಂದಿನದರ ಎಂಟನೆಯ ಒಂದು ಭಾಗವಾದ್ದರಿಂದ, ಎಲ್ಲ ಕಿರು ಹಂತಗಳೂ ಸೇರಿ ಮೂಲದ ಏಳನೆಯ ಒಂದು ಭಾಗವನ್ನೂ ಮೀರುವುದಿಲ್ಲ. ನಿಮ್ಮ 16 ಗಿಗಾಬೈಟ್ ಹೆಚ್ಚೆಂದರೆ 18.3 ಆಗುತ್ತದೆ.

ಘನದ ಅಳತೆಯ ಆಯ್ಕೆಯಲ್ಲಿ ಮಾತ್ರ ಸ್ವಲ್ಪ ತಲೆ ಓಡಿಸಬೇಕು. 64ರ ಘನವೊಂದು 16 ಬಿಟ್‌ನಲ್ಲಿ 512 ಕಿಲೋಬೈಟ್ ಆಗುತ್ತದೆ. ಪೂರ್ಣ ವಿವರದ ಒಂದು ಸ್ಲೈಸ್ ಇಂಥ 1024 ಘನಗಳನ್ನು ಹಾದುಹೋಗುತ್ತದೆಯಾದ್ದರಿಂದ ಅದಕ್ಕೆ 512 ಮೆಗಾಬೈಟ್ ಬೇಕು, ಆದರೆ ಪ್ರತಿ ಘನದ ಅರುವತ್ತನಾಲ್ಕು ಪದರಗಳಲ್ಲಿ ಒಂದೇ ಪದರ ಬಳಕೆಗೆ ಬರುತ್ತದೆ. ಇದು ದುಂದು ಎನಿಸಬಹುದು. ಆದರೆ ಪಿರಮಿಡ್ ಇದ್ದರೆ ಆ ಪ್ರಸಂಗ ಬರುವುದು ವಿರಳ, ಏಕೆಂದರೆ ಪರದೆಯನ್ನು ನಾಲ್ಕು ಭಾಗ ಮಾಡಿ ಮೂರು ದಿಕ್ಕಿನ ಸ್ಲೈಸ್‌ಗಳನ್ನೂ ಒಂದು ಮೂರು ಆಯಾಮದ ನೋಟವನ್ನೂ ತೋರಿಸುವ ರೂಢಿಯ ವಿನ್ಯಾಸದಲ್ಲಿ ಒಂದೊಂದು ಭಾಗದ ಎತ್ತರ ಸುಮಾರು 540 ಪಿಕ್ಸೆಲ್. ಇಡೀ ಮಾದರಿಯನ್ನು ಅದರಲ್ಲಿ ಕಾಣಿಸಲು 512ರ ಹಂತವೇ ಸಾಕು, ಅಲ್ಲಿ ಒಂದು ಸ್ಲೈಸ್‌ಗೆ 64 ಘನ, ಅಂದರೆ 32 ಮೆಗಾಬೈಟ್. ಘನವನ್ನು 32ಕ್ಕೆ ಇಳಿಸಿದರೆ ಈ ಮೊತ್ತ ಅರ್ಧವಾಗುತ್ತದೆ, ಆದರೆ ಸರ್ವರ್‌ಗೆ ಹೋಗುವ ಕೋರಿಕೆಗಳು ನಾಲ್ಕು ಪಟ್ಟಾಗುತ್ತವೆ. ಸಂಪರ್ಕದ ವಿಳಂಬ ಹೆಚ್ಚಿರುವ ಕಡೆ ಕೋರಿಕೆಗಳ ಸಂಖ್ಯೆಯೇ ಹೆಚ್ಚು ಕಾಡುತ್ತದೆ. 64ರಿಂದ ಆರಂಭಿಸಿ ಎಂದೇ ನಾನು ಹೇಳುತ್ತೇನೆ.

ಇಲ್ಲೊಂದು ಸಣ್ಣ ಉಪಾಯವಿದೆ. ಶಿಲೆಯ ಮಾದರಿಯನ್ನು ಸಾಮಾನ್ಯವಾಗಿ ಉರುಳೆಯಾಕಾರದಲ್ಲಿ ಕೊರೆದಿರುತ್ತಾರೆ. ಚೌಕದೊಳಗಿನ ವೃತ್ತ ಚೌಕದ ಶೇ 78.5ರಷ್ಟನ್ನು ಮಾತ್ರ ತುಂಬುವುದರಿಂದ, ಪ್ರತಿ ಸ್ಲೈಸ್‌ನ ಐದನೆಯ ಒಂದು ಭಾಗಕ್ಕೂ ಹೆಚ್ಚು ಬರೀ ಗಾಳಿ ಮತ್ತು ಗದ್ದಲ, ಅಂದರೆ ಅರ್ಥವಿಲ್ಲದೆ ಏರಿಳಿಯುವ ಮೌಲ್ಯಗಳು. ಸ್ಕ್ಯಾನಿನ ಗದ್ದಲವನ್ನು ಮಾಹಿತಿ ನಷ್ಟವಿಲ್ಲದೆ ಕುಗ್ಗಿಸುವುದು ಬಹಳ ಕಷ್ಟ. ನೋಟಕ್ಕೆಂದು ಸಿದ್ಧಪಡಿಸುವ ಪ್ರತಿಯಲ್ಲಿ ಉರುಳೆಯ ಹೊರಗಿನದನ್ನೆಲ್ಲ ಸೊನ್ನೆ ಮಾಡಿದರೆ ಆ ಭಾಗ ಹೆಚ್ಚುಕಡಿಮೆ ಪೂರ್ತಿ ಕುಗ್ಗುತ್ತದೆ, ಮೂಲೆಗಳ ಖಾಲಿ ಘನಗಳನ್ನು ಬರೆಯುವ ಅಗತ್ಯವೇ ಇರುವುದಿಲ್ಲ.

ಈ ಜೋಡಣೆಗೆ ನಿಮ್ಮದೇ ವಿನ್ಯಾಸ ಕಟ್ಟಲು ಹೋಗಬೇಡಿ. ಝಾರ್ ಎಂಬ ಮುಕ್ತ ವಿನ್ಯಾಸ ಇದೆ. ಸೂಕ್ಷ್ಮದರ್ಶಕದ ಚಿತ್ರಗಳಿಗಾಗಿ ಅದರ ಮೇಲೆ ಕಟ್ಟಿದ ಒಎಂಇ-ಝಾರ್ ಎಂಬ ಒಪ್ಪಂದ ಪಿರಮಿಡ್ಡಿನ ಹಂತಗಳನ್ನೂ ವೋಕ್ಸೆಲ್‌ನ ಅಳತೆಯನ್ನೂ ದಾಖಲಿಸುವ ಬಗೆಯನ್ನು ನಿಗದಿಪಡಿಸಿದೆ. ಪೈಥಾನ್ ಬಲ್ಲವರಿಗೆ ಟಿಫ್‌ನಿಂದ ಇದಕ್ಕೆ ಬದಲಿಸುವುದು ದೊಡ್ಡ ಕೆಲಸವಲ್ಲ. ಆದರೆ ಬದಲಿಸುವಾಗ ಮೂರು ಕಡೆ ಎಡವುವ ಸಂಭವವಿದೆ, ಮತ್ತು ಇವು ಚಿತ್ರದಲ್ಲಿ ಎದ್ದು ಕಾಣದ ತಪ್ಪುಗಳಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಸರಾಸರಿ. ಹಂತ ಇಳಿಸುವಾಗ ಎಂಟು ವೋಕ್ಸೆಲ್‌ಗಳ ಸರಾಸರಿಯನ್ನು ಒಂದಕ್ಕೆ ಕೊಡುವುದು ವಾಡಿಕೆ. ಒಂದೇ ವೋಕ್ಸೆಲ್ ಅಗಲದ ಬಿರುಕು ಶಿಲೆಯಲ್ಲಿದ್ದರೆ ಮೊದಲ ಇಳಿಕೆಯಲ್ಲೇ ಅದರ ಕಪ್ಪು ಅರ್ಧ ಮಾಸುತ್ತದೆ, ಮೂರನೆಯ ಹಂತಕ್ಕೆ ಮಾಯವಾಗುತ್ತದೆ. ದೂರದಿಂದ ನೋಡಿದ ಸಹೋದ್ಯೋಗಿ ಇಲ್ಲಿ ಬಿರುಕಿಲ್ಲ ಎಂದು ಮುಂದೆ ಸಾಗುತ್ತಾರೆ. ಬಿರುಕುಗಳು ನಿಮ್ಮ ಅಧ್ಯಯನಕ್ಕೆ ಮುಖ್ಯವಾದರೆ ಸರಾಸರಿಯ ಜೊತೆಗೆ, ಎಂಟರಲ್ಲಿ ಅತಿ ಕಡಿಮೆ ಮೌಲ್ಯವನ್ನು ಉಳಿಸಿಕೊಂಡ ಎರಡನೆಯ ಪಿರಮಿಡ್ ಒಂದನ್ನು ಇಡಿ. ಅದು ರಂಧ್ರಗಳನ್ನು ಉಬ್ಬಿಸಿ ತೋರಿಸುತ್ತದೆ ನಿಜ, ಆದರೆ ಯಾವ ಬಿರುಕನ್ನೂ ಮರೆಮಾಚುವುದಿಲ್ಲ. ಎರಡನೆಯದು ಗುರುತು ಸಂಖ್ಯೆಗಳು. ರಂಧ್ರಗಳನ್ನು ಬೇರ್ಪಡಿಸಿ ಒಂದೊಂದಕ್ಕೂ ಸಂಖ್ಯೆ ಕೊಟ್ಟ ದತ್ತಾಂಶದ ಸರಾಸರಿ ತೆಗೆದರೆ 3 ಮತ್ತು 7ರ ನಡುವೆ ಇಲ್ಲದ 5ನೆಯ ರಂಧ್ರ ಹುಟ್ಟಿಕೊಳ್ಳುತ್ತದೆ. ಇಂಥವಕ್ಕೆ ಹೆಚ್ಚು ಸಲ ಬಂದ ಸಂಖ್ಯೆಯನ್ನೇ ಉಳಿಸಿಕೊಳ್ಳುವ ವಿಧಾನ ಬೇಕು. ಮೂರನೆಯದು ಜಾಗದ ಪಲ್ಲಟ. ವೋಕ್ಸೆಲ್‌ನ ಸ್ಥಾನವನ್ನು ಅದರ ನಡುಬಿಂದುವಿನಿಂದ ಎಣಿಸುವ ಪದ್ಧತಿಯಲ್ಲಿ, ಎರಡು ವೋಕ್ಸೆಲ್ ಸೇರಿ ಆದ ದೊಡ್ಡ ವೋಕ್ಸೆಲ್‌ನ ನಡುಬಿಂದು ಮೊದಲಿನ ಜಾಗದಲ್ಲಿ ಇರದೆ ಅರ್ಧ ವೋಕ್ಸೆಲ್ ಆಚೆ ಇರುತ್ತದೆ. ಮೂರನೆಯ ಇಳಿಕೆಯ ಹೊತ್ತಿಗೆ ಈ ಅಂತರ ಮೂಲದ 3.5 ವೋಕ್ಸೆಲ್ ಆಗಿರುತ್ತದೆ. ಒಎಂಇ-ಝಾರ್‌ನಲ್ಲಿ ಪ್ರತಿ ಹಂತಕ್ಕೂ ಅಳತೆಯ ಜೊತೆ ಈ ಪಲ್ಲಟವನ್ನೂ ಬರೆಯಲು ಅವಕಾಶವಿದೆ. ಬರೆಯದೆ ಬಿಟ್ಟರೆ ಹತ್ತಿರ ಹೋದಂತೆ ಚಿತ್ರ ಒಂದಿಷ್ಟು ಜಿಗಿದಂತಾಗುತ್ತದೆ, ಮೇಲೆ ಹೊದಿಸಿದ ಗುರುತುಗಳು ರಂಧ್ರದ ಅಂಚಿನಿಂದ ಜರುಗಿ ಕುಳಿತಿರುತ್ತವೆ.

ಈಗ ತಂತ್ರಾಂಶಕ್ಕೆ ಬರೋಣ. ಇಷ್ಟು ಸಿದ್ಧತೆಯಾದ ಮೇಲೆ ನಿಮಗೆ ನಾನು ಸೂಚಿಸುವುದು ನ್ಯೂರೋಗ್ಲ್ಯಾನ್ಸರ್. ಮೇಲೆ ಹೇಳಿದ ಮಿದುಳಿನ ದತ್ತಾಂಶವನ್ನು ತೋರಿಸುತ್ತಿರುವುದೂ ಅದೇ. ಗೂಗಲ್‌ನಲ್ಲಿ ಹುಟ್ಟಿದ, ಅಪಾಚೆ 2.0 ಪರವಾನಗಿಯ ಈ ತಂತ್ರಾಂಶ ಝಾರ್ ಅನ್ನು ನೇರವಾಗಿ ಓದುತ್ತದೆ. ಸರ್ವರ್ ಕಡೆ ಯಾವ ಪ್ರೋಗ್ರಾಮನ್ನೂ ಬೇಡುವುದಿಲ್ಲ. ನೋಡುತ್ತಿರುವ ಜಾಗ, ಹತ್ತಿರ ಎಷ್ಟು, ಬಣ್ಣದ ಹೊಂದಿಕೆ ಹೇಗೆ ಎಂಬುದೆಲ್ಲವನ್ನೂ ವಿಳಾಸದ ಪಟ್ಟಿಯಲ್ಲೇ ಬರೆದಿಡುತ್ತದೆ. ಹೀಗಾಗಿ ಆ ವಿಳಾಸವನ್ನು ನಕಲಿಸಿ ಕಳಿಸಿದರೆ ನೀವು ಕಂಡ ರಂಧ್ರವನ್ನೇ ಸಹೋದ್ಯೋಗಿಯೂ ಕಾಣುತ್ತಾರೆ. ನರವಿಜ್ಞಾನಿಗಳಿಗಾಗಿ ಹುಟ್ಟಿದ್ದರಿಂದ ಅದರ ಗುಂಡಿಗಳೂ ಕೀಲಿ ಸಂಯೋಜನೆಗಳೂ ಹೊಸಬರನ್ನು ಗಲಿಬಿಲಿಗೊಳಿಸುತ್ತವೆ. ಸುಂದರವಾದ ಬೆಳಕು ನೆರಳಿನ ಚಿತ್ರವೂ ಅದರ ಬಲವಲ್ಲ. ಅಂಥ ಚಿತ್ರ ಬೇಕಾದಾಗ 256 ಅಥವಾ 512ರ ಹಂತವನ್ನಷ್ಟೇ ಬೇರೆಯಾಗಿ ತೆಗೆದು, ಕಿಟ್‌ವೇರ್‌ನದೇ ಆದ ವಿಟಿಕೆ.ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಮೇಲೆ ಕಟ್ಟಿದ ಪುಟವೊಂದರಲ್ಲಿ ತೋರಿಸಿ. 16 ಬಿಟ್‌ನಲ್ಲಿ 256ರ ಘನ 32 ಮೆಗಾಬೈಟ್, 512ರದು 256 ಮೆಗಾಬೈಟ್, ಮೊದಲನೆಯದು ಫೋನಿನಲ್ಲೂ ನಡೆಯುತ್ತದೆ.

ಬೇರೆ ಕ್ಷೇತ್ರದವರು ಇದನ್ನು ಓದುತ್ತಿದ್ದರೆ ಅವರಿಗಾಗಿ ಒಂದು ಮಾತು: ಅಣುರಚನೆಗಳಿಗೆ ಮೋಲ್‌ಸ್ಟಾರ್, ಭೂಗೋಳದ ಮೇಲಿನ ದತ್ತಾಂಶಕ್ಕೆ ಸೀಸಿಯಂ, ಲೇಸರ್ ಸ್ಕ್ಯಾನಿನ ಬಿಂದುರಾಶಿಗೆ ಪೊಟ್ರೀ, ಮಿದುಳಿನ ಎಂ.ಆರ್.ಐ. ಚಿತ್ರಗಳಿಗೆ ನೀವ್ಯೂ ಎಂಬಂತೆ ಆಯಾ ಕ್ಷೇತ್ರದಲ್ಲೇ ಬೆಳೆದ ಸಾಧನಗಳಿವೆ, ಮತ್ತು ಅವುಗಳಲ್ಲಿ ಆ ಕ್ಷೇತ್ರದ ಕಷ್ಟಗಳಿಗೆ ಪರಿಹಾರ ಅಡಗಿರುತ್ತದೆ. ಸೀಸಿಯಂನ ಉದಾಹರಣೆ ಕೊಡಬಹುದು. ಭೂಮಿಯ ಕೇಂದ್ರದಿಂದ ಮೇಲ್ಮೈ ಸುಮಾರು 64 ಲಕ್ಷ ಮೀಟರ್ ದೂರದಲ್ಲಿದೆ. ಗ್ರಾಫಿಕ್ಸ್ ಕಾರ್ಡ್ ಬಳಸುವ 32 ಬಿಟ್ ದಶಮಾಂಶ ಸಂಖ್ಯೆಗಳು ಅಷ್ಟು ದೊಡ್ಡ ಮೌಲ್ಯದ ಬಳಿ ಅರ್ಧ ಮೀಟರಿಗಿಂತ ಸೂಕ್ಷ್ಮವಾದುದನ್ನು ಹಿಡಿಯಲಾರವು, ಆದ್ದರಿಂದ ಹತ್ತಿರ ಹೋದಾಗ ವಸ್ತುಗಳು ನಡುಗುತ್ತವೆ. ಸೀಸಿಯಂ ಪ್ರತಿ ಸಂಖ್ಯೆಯನ್ನೂ ಎರಡಾಗಿ ಒಡೆದು, ಕಣ್ಣಿನ ಸ್ಥಾನದಿಂದ ಅಳೆದು ಇದನ್ನು ನಿವಾರಿಸುತ್ತದೆ. ತ್ರೀ.ಜೆಎಸ್ ಎಂಬ ಸಾಮಾನ್ಯ ಬಳಕೆಯ ಮೂರು ಆಯಾಮದ ಲೈಬ್ರರಿ ಹಿಡಿದು ಮೊದಲಿನಿಂದ ಕಟ್ಟಲು ಹೊರಟವರು ಇಂಥವನ್ನೆಲ್ಲ ತಾವೇ ಕಂಡುಕೊಳ್ಳಬೇಕಾಗುತ್ತದೆ.

ಸರ್ವರ್‌ನ ಬಗ್ಗೆ ಸಂಕ್ಷೇಪವಾಗಿ. ನೋಟದ ಪುಟ ಒಂದು ವಿಳಾಸದಲ್ಲೂ ದತ್ತಾಂಶ ಇನ್ನೊಂದರಲ್ಲೂ ಇದ್ದರೆ, ದತ್ತಾಂಶದ ಸರ್ವರ್ ಅದಕ್ಕೆ ಸ್ಪಷ್ಟ ಅನುಮತಿ ಕೊಡಬೇಕು. ಕೋರ್ಸ್ ಎಂದು ಕರೆಯುವ ಈ ಹೊಂದಿಕೆ ಇಲ್ಲದಿದ್ದರೆ ಪರದೆ ಖಾಲಿಯಾಗಿ ಉಳಿಯುತ್ತದೆ, ಕಾರಣ ಮಾತ್ರ ಡೆವಲಪರ್ ಕಿಟಕಿಯಲ್ಲಷ್ಟೇ ಕಾಣುತ್ತದೆ. ಪೂರ್ಣ ಹಂತವೊಂದರಲ್ಲೇ 32,768 ಘನಗಳಿರುವುದರಿಂದ, ಒಂದೊಂದನ್ನೂ ಬೇರೆ ಕಡತವಾಗಿಟ್ಟರೆ ನಕಲು ಮಾಡುವುದೇ ಒಂದು ಹಿಂಸೆ. ಝಾರ್‌ನ ಮೂರನೆಯ ಆವೃತ್ತಿ ಹಲವು ಘನಗಳನ್ನು ಒಂದು ಕಡತದಲ್ಲಿ ಒಟ್ಟುಗೂಡಿಸಲು ಬಿಡುತ್ತದೆ, ಆದರೆ ಆಗ ಕಡತದ ಒಂದು ಭಾಗವನ್ನಷ್ಟೇ ಕೇಳಿದರೆ ಕೊಡುವ ಶಕ್ತಿ ಸರ್ವರ್‌ಗೆ ಇರಬೇಕು. ಪರೀಕ್ಷಿಸುವಾಗ ಪುಟವನ್ನು ಡಿಸ್ಕಿನಿಂದ ನೇರವಾಗಿ ತೆರೆದರೆ ಬ್ರೌಸರ್ ಪಕ್ಕದ ಕಡತಗಳನ್ನು ಓದಲು ಬಿಡುವುದಿಲ್ಲ. ಪೈಥಾನ್ ಜೊತೆಗೇ ಬರುವ ಪುಟ್ಟ ಸರ್ವರ್ ಒಂದನ್ನು ಓಡಿಸಿ ನೋಡಿ. ಒಂದೇ ಪುಟದಲ್ಲಿ ಮಾದರಿಗೊಂದರಂತೆ ಇಪ್ಪತ್ತು ಕಿಟಕಿ ಇಡುವ ಆಸೆ ಬೇಡ, ಕ್ರೋಮ್ ಹದಿನಾರಕ್ಕಿಂತ ಹೆಚ್ಚು ವೆಬ್‌ಜಿಎಲ್ ಕಿಟಕಿಗಳನ್ನು ಏಕಕಾಲಕ್ಕೆ ಉಳಿಸಿಕೊಳ್ಳದೆ ಹಳೆಯದನ್ನು ಮುಚ್ಚಿಬಿಡುತ್ತದೆ. ಯಾರಾದರೂ ತೀರಾ ನಿಧಾನ ಎಂದು ದೂರಿದರೆ ಅವರ ಬ್ರೌಸರ್ ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಮುಖ್ಯ ಪ್ರೊಸೆಸರ್‌ನಲ್ಲೇ ಚಿತ್ರ ಬಿಡಿಸುತ್ತಿದೆಯೇ ಎಂದು ಮೊದಲು ನೋಡಿ.

ನಿಮ್ಮ ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು. ಕಂಡದ್ದನ್ನು ನಂಬಿ ಅಳೆಯಬಹುದೇ? ಪರದೆಯ ಚಿತ್ರದಿಂದ ಅಳೆಯಬೇಡಿ ಎಂಬುದೇ ನನ್ನ ಉತ್ತರ, ಮತ್ತು ಅದಕ್ಕೆ ಕಾರಣಗಳು ಬ್ರೌಸರ್‌ನ ಒಳಗೂ ಇವೆ, ಹೊರಗೂ ಇವೆ.

ಒಳಗಿನ ಕಾರಣ ಸಂಖ್ಯೆಗಳ ನಿಖರತೆ. ವೆಬ್‌ಜಿಎಲ್ 2ರಲ್ಲಿ 16 ಬಿಟ್ ಪೂರ್ಣಾಂಕಗಳ ಟೆಕ್ಸ್ಚರ್ ಇದೆ, ಆದರೆ ಅಕ್ಕಪಕ್ಕದ ವೋಕ್ಸೆಲ್‌ಗಳ ನಡುವೆ ನಯವಾಗಿ ಬೆರೆಸುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡ್ ಅದಕ್ಕೆ ಮಾಡಿಕೊಡುವುದಿಲ್ಲ. ಆದ್ದರಿಂದ ಕೆಲವು ತಂತ್ರಾಂಶಗಳು ಮೌಲ್ಯಗಳನ್ನು ಅರ್ಧ ನಿಖರತೆಯ, ಅಂದರೆ 16 ಬಿಟ್‌ನ, ದಶಮಾಂಶಕ್ಕೆ ಬದಲಿಸಿಕೊಳ್ಳುತ್ತವೆ. ಆ ರೂಪದಲ್ಲಿ 2048ರವರೆಗಿನ ಪೂರ್ಣಾಂಕಗಳು ಮಾತ್ರ ಎಲ್ಲವೂ ಚ್ಯುತಿಯಿಲ್ಲದೆ ಕೂರುತ್ತವೆ, 32,768ನ್ನು ದಾಟಿದ ಮೇಲೆ ಮೌಲ್ಯಗಳು ಮೂವತ್ತೆರಡರ ಹೆಜ್ಜೆಯಲ್ಲಿ ಏರುತ್ತವೆ. ಇನ್ನು ಕೆಲವು ತಂತ್ರಾಂಶಗಳು ನೇರ 8 ಬಿಟ್‌ಗೆ ಇಳಿಸಿ 256 ಮಟ್ಟಗಳಿಗೆ ತೃಪ್ತಿಪಡುತ್ತವೆ. ಮಾದರಿಯಲ್ಲಿ ಲೋಹದ ಅದಿರಿನ ಒಂದು ಕಣವಿದ್ದು, ಅತಿ ಕಡಿಮೆಯಿಂದ ಅತಿ ಹೆಚ್ಚಿನವರೆಗೆ ಸಮನಾಗಿ ಹಂಚಿದರೆ, ಆ ಒಂದು ಕಣಕ್ಕಾಗಿ ಬಹುಪಾಲು ಮಟ್ಟಗಳು ಖರ್ಚಾಗಿ ಶಿಲೆಯ ಎರಡು ಖನಿಜಗಳ ನಡುವಿನ ವ್ಯತ್ಯಾಸ ನಾಲ್ಕೈದು ಮಟ್ಟಗಳಲ್ಲಿ ಮುದುಡಿಕೊಳ್ಳುತ್ತದೆ. ನೋಡಲು ಇದರಿಂದ ತೊಂದರೆಯಾಗದಿರಬಹುದು, ಇಷ್ಟಕ್ಕಿಂತ ಕಡಿಮೆಯಾದರೆ ರಂಧ್ರ ಎಂಬ ಮಿತಿ ಮೌಲ್ಯ ಇಟ್ಟು ರಂಧ್ರಗಳನ್ನು ಬೇರ್ಪಡಿಸಲು ಮಾತ್ರ ಇದು ಸಾಲದು.

ಹೊರಗಿನ ಕಾರಣಗಳು ಡೆಸ್ಕ್‌ಟಾಪ್ ತಂತ್ರಾಂಶಕ್ಕೂ ಅನ್ವಯಿಸುತ್ತವೆ, ಆದರೂ ಲಿಂಕ್ ಮೂಲಕ ನೋಡುವವರು ಹೊಂದಿಕೆಗಳನ್ನು ತಾವೇ ಮಾಡಿರುವುದಿಲ್ಲವಾದ್ದರಿಂದ ಇಲ್ಲಿ ಅಪಾಯ ಹೆಚ್ಚು. ಇಡೀ ಮಾದರಿಯನ್ನು ಪಾರದರ್ಶಕವಾಗಿ ತೋರಿಸುವಾಗ ಯಾವ ಮೌಲ್ಯಕ್ಕೆ ಎಷ್ಟು ಬಣ್ಣ, ಎಷ್ಟು ಪಾರದರ್ಶಕತೆ ಎಂಬುದನ್ನು ಟ್ರಾನ್ಸ್‌ಫರ್ ಫಂಕ್ಷನ್ ತೀರ್ಮಾನಿಸುತ್ತದೆ. ಅದರ ಒಂದು ಬಿಂದುವನ್ನು ಅತ್ತಿತ್ತ ಎಳೆದರೆ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಂತೆಯೋ ಬಿಡಿಬಿಡಿಯಾದಂತೆಯೋ ಕಾಣುತ್ತವೆ. ದ್ರವ ಹರಿಯುತ್ತದೆಯೇ ಎಂಬ ಪ್ರಶ್ನೆಗೆ ಈ ಎರಡು ಚಿತ್ರಗಳು ವಿರುದ್ಧ ಉತ್ತರ ಕೊಡುತ್ತವೆ! ಮೇಲ್ಮೈ ಹೊರತೆಗೆಯುವ ಮಾರ್ಚಿಂಗ್ ಕ್ಯೂಬ್ಸ್ ವಿಧಾನದಲ್ಲೂ ಇದೇ ಕಥೆ. ಲೊರೆನ್ಸೆನ್ ಮತ್ತು ಕ್ಲೈನ್ 1987ರಲ್ಲಿ ಪ್ರಕಟಿಸಿದ ಆ ವಿಧಾನ, ಎಂಟು ಮೂಲೆಗಳ ಪ್ರತಿ ಘನದಲ್ಲೂ ಮಿತಿ ಮೌಲ್ಯ ಎಲ್ಲಿ ಹಾದುಹೋಗುತ್ತದೆ ಎಂಬುದರ 256 ಸಾಧ್ಯತೆಗಳನ್ನು ಸಮಮಿತಿಯಿಂದ ಹದಿನೈದಕ್ಕೆ ಇಳಿಸಿ ತ್ರಿಕೋನಗಳನ್ನು ಹೊಂದಿಸುತ್ತದೆ. ವಿಧಾನ ಚೊಕ್ಕವಾಗಿದೆ, ಆದರೆ ಮಿತಿ ಮೌಲ್ಯವನ್ನು ಕೊಡುವವರು ನಾವೇ. ಆ ತ್ರಿಕೋನಗಳನ್ನು ಬ್ರೌಸರ್‌ಗೆ ಕಳಿಸುವ ಮೊದಲು ಹಗುರಗೊಳಿಸಿದರೆ ಚಿಕ್ಕ ರಂಧ್ರಗಳೇ ಮೊದಲು ಬಲಿಯಾಗುತ್ತವೆ. ಬಣ್ಣಗಳಲ್ಲಿ ಕಾಮನಬಿಲ್ಲಿನ ಸರಣಿಯನ್ನು ಬಿಟ್ಟುಬಿಡಿ. ಅದರ ಹಳದಿ ಪಟ್ಟಿ ದತ್ತಾಂಶದಲ್ಲಿ ಇಲ್ಲದ ಅಂಚನ್ನು ಕಣ್ಣಿಗೆ ತೋರಿಸುತ್ತದೆ. ವಿರಿಡಿಸ್‌ನಂತೆ ಹೊಳಪು ಒಂದೇ ಸಮನೆ ಏರುವ ಸರಣಿ ಅಥವಾ ಬರೀ ಬೂದು ಸಾಕು. ದೂರದ್ದು ಚಿಕ್ಕದಾಗಿ ಕಾಣುವ ನೋಟದಲ್ಲಿ ಅಳತೆಪಟ್ಟಿ ಒಂದೇ ಆಳಕ್ಕೆ ಸರಿಹೊಂದುವುದರಿಂದ, ಅಳತೆಪಟ್ಟಿ ಇರುವ ಚಿತ್ರಗಳನ್ನು ಸಮಾಂತರ ಪ್ರಕ್ಷೇಪದಲ್ಲೇ ತೆಗೆಯಿರಿ.

ಹಾಗಾದರೆ ಬ್ರೌಸರ್‌ನಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಜಾಗ ಹುಡುಕುವುದಕ್ಕೆ, ಚರ್ಚಿಸುವುದಕ್ಕೆ, ಗುರುತು ಹಾಕುವುದಕ್ಕೆ ಅದಕ್ಕೆ ಸಾಟಿಯಿಲ್ಲ. ನ್ಯೂರೋಗ್ಲ್ಯಾನ್ಸರ್‌ನಲ್ಲಿ ಸಹೋದ್ಯೋಗಿಗಳು ಬಿಂದು, ಗೆರೆ, ಪೆಟ್ಟಿಗೆಗಳನ್ನು ಇಟ್ಟು ಗುರುತು ಮಾಡಬಹುದು. ಆ ಗುರುತುಗಳ ನಿರ್ದೇಶಾಂಕಗಳನ್ನು ಹೊರತೆಗೆದು, ಮೂಲ 16 ಬಿಟ್ ದತ್ತಾಂಶದ ಅದೇ ಜಾಗದ ಮೇಲೆ ನಿಮ್ಮ ಪೈಥಾನ್ ಲೆಕ್ಕವನ್ನು ಓಡಿಸಿ. ಬಂದ ಫಲಿತಾಂಶವನ್ನು, ಗುರುತು ಸಂಖ್ಯೆಗಳ ಇನ್ನೊಂದು ಪದರವಾಗಿ, ಮತ್ತೆ ಅದೇ ನೋಟದ ಮೇಲೆ ಹೊದಿಸಿ ತೋರಿಸಿ. ಲೆಕ್ಕ ತಪ್ಪಿದ್ದರೆ, ಎರಡು ರಂಧ್ರಗಳು ಒಂದಾಗಿ ಎಣಿಕೆಯಾಗಿದ್ದರೆ, ಅದು ಕೋಷ್ಟಕಕ್ಕಿಂತ ಬೇಗ ಅಲ್ಲಿ ಕಣ್ಣಿಗೆ ಬೀಳುತ್ತದೆ. ತಂತ್ರಾಂಶ ಆರಿಸುವುದಕ್ಕಿಂತ ಈ ಹೋಗಿಬರುವಿಕೆಯನ್ನು ಸರಿಯಾಗಿ ಕೂರಿಸುವುದಕ್ಕೆ ಹೆಚ್ಚು ಸಮಯ ಕೊಡಿ.

ಕೊನೆಯದು ಬಾಳಿಕೆ. ಹಿಂದೆ ಜಾವಾ ಆ್ಯಪ್ಲೆಟ್‌ಗಳಾಗಿ ಬರೆದಿದ್ದ ವಿಜ್ಞಾನದ ನೋಟಗಳು ಅಸಂಖ್ಯ ಇದ್ದವು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಆ ಬಗೆಯ ಪ್ಲಗಿನ್‌ಗಳನ್ನು ಕೈಬಿಟ್ಟಾಗ ಅವುಗಳಲ್ಲಿ ಬಹಳಷ್ಟು ಒಮ್ಮೆಲೇ ಮೂಕವಾದವು. ಅಣುರಚನೆ ತೋರಿಸುತ್ತಿದ್ದ ಜೆಮೋಲ್‌ನಂಥವು ಜಾವಾಸ್ಕ್ರಿಪ್ಟಿಗೆ ಬದಲಾಗಿ ಉಳಿದುಕೊಂಡವು, ಏಕೆಂದರೆ ಅವು ಓದುತ್ತಿದ್ದ ಕಡತಗಳು ಮುಕ್ತ ರೂಪದಲ್ಲಿದ್ದು ನೋಟದ ತಂತ್ರಾಂಶ ಬದಲಾದರೂ ದತ್ತಾಂಶ ಹಾಗೆಯೇ ಇತ್ತು. ವೆಬ್‌ಜಿಎಲ್ ಬ್ರೌಸರ್‌ನ ಭಾಗವೇ ಆಗಿರುವುದರಿಂದ ಅಂಥ ಹಠಾತ್ ಸಾವು ಅದಕ್ಕೆ ಬರುವ ಸಂಭವ ಕಡಿಮೆ. ನಿಮ್ಮ ಲಿಂಕ್ ಸಾಯುವುದು ಹೆಚ್ಚಾಗಿ ಬೇರೆ ಕಾರಣಕ್ಕೆ: ನ್ಯೂರೋಗ್ಲ್ಯಾನ್ಸರ್‌ನ ಲಿಂಕಿನೊಳಗೆ ದತ್ತಾಂಶದ ವಿಳಾಸವೂ ಅಡಗಿರುತ್ತದೆ, ಸರ್ವರ್ ಬದಲಾದ ದಿನ ಹಂಚಿದ ಲಿಂಕ್‌ಗಳೆಲ್ಲ ಒಟ್ಟಿಗೆ ಸಾಯುತ್ತವೆ. ಆದ್ದರಿಂದ ಬದಲಾಗದ ವಿಳಾಸವೊಂದನ್ನು ಮೊದಲೇ ಪಡೆದುಕೊಂಡು ಅದರ ಹಿಂದೆ ದತ್ತಾಂಶವನ್ನಿಡಿ. ನ್ಯೂರೋಗ್ಲ್ಯಾನ್ಸರ್‌ನ ಒಂದು ನಿರ್ದಿಷ್ಟ ಆವೃತ್ತಿಯನ್ನು, ಅದು ಬರೀ ಸ್ಥಿರ ಕಡತಗಳ ಗಂಟಾದ್ದರಿಂದ, ನಿಮ್ಮದೇ ಸರ್ವರ್‌ನಲ್ಲಿ ದತ್ತಾಂಶದ ಪಕ್ಕದಲ್ಲಿಡಿ. ಮೂಲ ಟಿಫ್ ಕಡತಗಳನ್ನು ವೋಕ್ಸೆಲ್‌ನ ಅಳತೆ, ಸ್ಕ್ಯಾನಿನ ಹೊಂದಿಕೆ, ಬದಲಾವಣೆಗೆ ಬಳಸಿದ ಪ್ರೋಗ್ರಾಮ್ ಇವುಗಳೊಂದಿಗೆ ಬೇರೆ ಕಡೆ ಕಾಪಿಡಿ. ಪ್ರಬಂಧದಲ್ಲಿ ಲಿಂಕ್ ಕೊಡುವಾಗ ಅದರ ಪಕ್ಕದಲ್ಲೇ ಮಾದರಿಯ ಹೆಸರು ಮತ್ತು ನಿರ್ದೇಶಾಂಕಗಳನ್ನು ಅಕ್ಷರದಲ್ಲಿ ಮುದ್ರಿಸಿ. ಮುಂದೆ ಬೇರಾವ ತಂತ್ರಾಂಶ ಬಂದರೂ ಅಷ್ಟರಿಂದ ಓದುಗರು ಆ ರಂಧ್ರವನ್ನು ತಲುಪಬಹುದು.